ಡಿಗ್ರಿ ಮುಗಿಯೋವರೆಗೆ

ಹಾಸನದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ನೋಡಿಕೊಳ್ಳುವ ಕೆಲಸ ನನ್ನದು. ಅರಕಲಗೂಡು, ಆಲೂರು, ಬೇಲೂರು, ಸಕಲೇಶಪುರ, ಅರಸೀಕೆರೆ ಕಡೆಯಿಂದ ಬಂದು ಡಿಗ್ರಿ ಓದುವ ಹುಡುಗಿಯರು. ಸಂಜೆ ಹಾಜರಿ ಹಾಕಿ, ಅಡುಗೆಯವರಿಗೆ ಮಾರನೇ ದಿನದ ಸಾಮಾನು ತೆಗೆದುಕೊಟ್ಟ ಮೇಲೆ ಒಂದಿಷ್ಟು ಹೊತ್ತು ಸಿಗುತ್ತದೆ. ಆಗ ಇಗ್ನೋದ ಮನಃಶಾಸ್ತ್ರ ಎಂ.ಎ. ಪುಸ್ತಕ ಹಿಡಿದು ಕೂರುತ್ತೇನೆ. ಈ ವಯಸ್ಸಲ್ಲಿ ಯಾಕೆ ಮೇಡಂ ಅಂತ ಹುಡುಗಿಯರು ಕೇಳುತ್ತಾರೆ. ನಿಮ್ಮ ಕಾಟ ತಡ್ಕೊಳ್ಳೋಕೆ ಕಣ್ರೇ ಅಂತೀನಿ.

ಮನೋವಿಶ್ಲೇಷಣೆ ಶುರು ಮಾಡಿದ ಫ್ರಾಯ್ಡ್ ನನಗೆ ಅಷ್ಟಾಗಿ ಹಿಡಿಸಲಿಲ್ಲ. ಸ್ವಭಾವವೆಲ್ಲ ಐದಾರು ವರ್ಷದೊಳಗೇ ತೀರ್ಮಾನ ಆಗಿಹೋಗಿರುತ್ತದೆ ಅಂದರೆ, ಹದಿನೆಂಟಕ್ಕೆ ಟ್ರಂಕ್ ಹೊತ್ತುಕೊಂಡು ಬರುವ ಹುಡುಗಿಗೆ ನಾನು ಮಾಡುವುದೇನು ಉಳಿಯಿತು? ನವಫ್ರಾಯ್ಡಿಯನ್ನರ ಅಧ್ಯಾಯ ಬಂದ ಮೇಲೆ ಓದು ಸಲೀಸಾಯಿತು. ಇವರೂ ಫ್ರಾಯ್ಡ್ ದಾರಿಯಲ್ಲೇ ಕಲಿತವರು. ಬಾಲ್ಯ ಮುಖ್ಯ ಅನ್ನುವುದನ್ನು ಬಿಡಲಿಲ್ಲ. ಆದರೆ ಮನುಷ್ಯನನ್ನು ಮನೆ, ಕೇರಿ, ಜೊತೆಗಾರರ ನಡುವೆ ಇಟ್ಟು ನೋಡಿದರು. ಆಲ್ಫ್ರೆಡ್ ಆಡ್ಲರ್ 1911ರಲ್ಲೇ ಫ್ರಾಯ್ಡ್ ಗುಂಪು ಬಿಟ್ಟು ಹೊರಬಂದ. ಕೀಳರಿಮೆ ಅಂತ ನಾವೆಲ್ಲ ಮಾತುಮಾತಿಗೂ ಅಂತೀವಲ್ಲ, ಅದರ ಹಿಂದೆ ಇರುವುದು ಆತನ ವಿಚಾರ. ಹಿರಿಯ ಮಗು ಹೀಗೆ, ನಡುವಿನದು ಹೀಗೆ, ಕಿರಿಯದು ಹೀಗೆ ಅಂತಲೂ ಹೇಳಿದ. ಹುಡುಗಿಯರಿಗೆ ಇದು ಬಲು ಇಷ್ಟ. ಎಲ್ಲರೂ ತಮ್ಮ ಅಕ್ಕನ ಮೇಲೆ ಚಾಡಿ ಹೇಳೋಕೆ ಶುರು ಮಾಡುತ್ತಾರೆ. ಆದರೆ 2015ರಲ್ಲಿ ಅಮೆರಿಕ, ಬ್ರಿಟನ್, ಜರ್ಮನಿಯ ಸುಮಾರು 20,000 ಜನರ ಮಾಹಿತಿ ಇಟ್ಟುಕೊಂಡು ನೋಡಿದಾಗ, ಹುಟ್ಟಿದ ಕ್ರಮಕ್ಕೂ ಸ್ವಭಾವಕ್ಕೂ ಹೇಳಿಕೊಳ್ಳುವಂಥ ನಂಟು ಕಾಣಲಿಲ್ಲ. ಅಕ್ಕಂದಿರು ಬಚಾವ್.

ನನ್ನನ್ನು ಹಿಡಿದು ಕೂರಿಸಿದ್ದು ಕ್ಯಾರೆನ್ ಹಾರ್ನೈ. 1885ರಲ್ಲಿ ಜರ್ಮನಿಯ ಹ್ಯಾಂಬರ್ಗ್ ಹತ್ತಿರ ಹುಟ್ಟಿದಾಕೆ. ಅಪ್ಪ ಹಡಗಿನ ಕ್ಯಾಪ್ಟನ್, ಬಹಳ ಕಟ್ಟುನಿಟ್ಟು. ಅಲ್ಲಿ ಹೆಣ್ಣುಮಕ್ಕಳನ್ನು ಡಾಕ್ಟರ್ ಓದಿಗೆ ಆಗಷ್ಟೇ ಸೇರಿಸಿಕೊಳ್ಳತೊಡಗಿದ್ದರು. ಈಕೆ 1906ರಲ್ಲಿ ಸೇರಿಬಿಟ್ಟಳು. 1932ರಲ್ಲಿ ಅಮೆರಿಕಕ್ಕೆ ಹೋದಳು. ಹೆಣ್ಣಿಗೆ ಗಂಡಿನ ಅಂಗದ ಮೇಲೆ ಅಸೂಯೆ ಅಂದಿದ್ದ ಫ್ರಾಯ್ಡ್. ಅಂಗದ ಮೇಲಲ್ಲ, ಸಮಾಜ ಗಂಡಿಗೆ ಕೊಟ್ಟಿರುವ ಸವಲತ್ತಿನ ಮೇಲೆ ಅಂತ ಈಕೆ ವಾದಿಸಿದಳು. ನನ್ನ ತಮ್ಮ ಬೈಕ್ ಹತ್ತಿ ರಾತ್ರಿ ಹತ್ತಕ್ಕೆ ಮನೆಗೆ ಬಂದರೂ ಯಾರೂ ಕೇಳಲ್ಲ, ನಾನು ಮಾತ್ರ ಏಳಕ್ಕೆಲ್ಲ ಗೇಟಿನ ಒಳಗಿರಬೇಕು ಅಂತ ನನ್ನ ಹತ್ತಿರ ಜಗಳಕ್ಕೆ ನಿಂತ ಹುಡುಗಿ ಹಾರ್ನೈಯನ್ನು ಓದಿರಲಿಲ್ಲ. ಓದುವ ಅಗತ್ಯವೂ ಇರಲಿಲ್ಲ. ಆ ಗೇಟಿನ ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು ಅನ್ನುವುದು ಬೇರೆ ಮಾತು.

ಹಾರ್ನೈ ಹೇಳುವುದು ಹೀಗೆ. ಮನೆಯಲ್ಲಿ ಅಕ್ಕರೆ ಸಿಗದೆ, ಕೊಟ್ಟ ಮಾತು ನಡೆಯದೆ, ಯಾವಾಗಲೂ ಹೋಲಿಕೆ, ಗೇಲಿ ನಡೆಯುತ್ತಿದ್ದರೆ ಮಗುವಿನೊಳಗೆ ಒಂದು ಮೂಲ ಆತಂಕ ಕೂರುತ್ತದೆ. ನಾನು ಒಂಟಿ, ಈ ಲೋಕ ನನ್ನ ಕಡೆಗಿಲ್ಲ ಅನ್ನುವ ಭಾವ. ಅದನ್ನು ತಡೆದುಕೊಳ್ಳೋಕೆ ಮೂರು ದಾರಿ. ಜನರ ಕಡೆಗೆ ಹೋಗುವುದು, ಜನರಿಗೆ ಎದುರಾಗಿ ನಿಲ್ಲುವುದು, ಜನರಿಂದ ದೂರ ಸರಿಯುವುದು.

ಹೊಸ ಬ್ಯಾಚ್ ಬಂದ ಮೊದಲ ವಾರ ಊಟದ ಸಾಲಿನಲ್ಲಿ ನಿಂತರೆ ಮೂರೂ ಕಾಣುತ್ತವೆ. ರೂಮಿನವರೆಲ್ಲರ ತಟ್ಟೆ ತಾನೇ ತೊಳೆದಿಟ್ಟು, ಒಬ್ಬಳು ಮಾತಾಡಿಸಲಿಲ್ಲ ಅಂತ ರಾತ್ರಿಯೆಲ್ಲ ಅಳುವವಳು. ಮುದ್ದೆ ಗಟ್ಟಿ, ಸಾರು ನೀರು ಅಂತ ಅಡುಗೆಯವರ ಮೇಲೆ ಏರಿ ಹೋಗುವವಳು. ಕಿಟಕಿ ಪಕ್ಕದ ಮಂಚ ಹಿಡಿದು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಕರೆದರೂ ತಿರುಗದವಳು. ಸಾರು ನಿಜಕ್ಕೂ ನೀರಾಗಿರುತ್ತದೆ ಅನ್ನಿ, ಅಷ್ಟಕ್ಕೇ ಯಾರನ್ನೂ ಜಗಳಗಂಟಿ ಅನ್ನೋಕಾಗಲ್ಲ. ಹಾರ್ನೈ ಕೂಡ ಈ ಮೂರನ್ನು ರೋಗ ಅನ್ನಲಿಲ್ಲ. ಗಟ್ಟಿ ಮನಸ್ಸಿನವರು ಸಮಯಕ್ಕೆ ತಕ್ಕಂತೆ ಮೂರನ್ನೂ ಬಳಸುತ್ತಾರೆ. ಯಾವುದೋ ಒಂದೇ ಅಂಟಿಕೊಂಡು, ಬೇರೆ ದಾರಿಯೇ ಇಲ್ಲ ಅನ್ನಿಸಿದಾಗ ತೊಂದರೆ. ತಟ್ಟೆ ತೊಳೆಯುತ್ತಿದ್ದ ಒಬ್ಬಳು ಎರಡನೇ ವರ್ಷದಲ್ಲಿ, ಪರೀಕ್ಷೆ ಹಿಂದಿನ ರಾತ್ರಿ ನೋಟ್ಸ್ ಕೇಳಿದವಳಿಗೆ ಕೊಡಲ್ಲ ಅಂದುಬಿಟ್ಟಳು. ಕೇಳಿದವಳು ಅಳುತ್ತಾ ನನ್ನ ಹತ್ತಿರ ದೂರು ತಂದಳು. ನಾನು ಬಾಯಲ್ಲಿ ಸಮಾಧಾನ ಹೇಳಿದೆ. ಒಳಗೆ ಹಬ್ಬ.

ಈಗ ಅದೇ ಸಾಲಿನ ಎರಿಕ್ ಎರಿಕ್ಸನ್. ಪರೀಕ್ಷೆಗೆ ಆತ ಹೇಳಿದ ಬದುಕಿನ ಎಂಟು ಹಂತಗಳನ್ನು ಕೋಷ್ಟಕ ಹಾಕಿ ಬಾಯಿಪಾಠ ಮಾಡುತ್ತೇವೆ. ಕೂಸಿನ ನಂಬಿಕೆಯಿಂದ ಹಿಡಿದು ಮುಪ್ಪಿನ ತೃಪ್ತಿಯವರೆಗೆ. 1950ರ ಪುಸ್ತಕದಲ್ಲಿ ಬಂದದ್ದು. ಬಾಲ್ಯಕ್ಕೇ ನಿಲ್ಲಿಸದೆ ಬೆಳವಣಿಗೆಯನ್ನು ಸಾಯುವವರೆಗೂ ಎಳೆದದ್ದು ಆತನ ದೊಡ್ಡತನ. ಆದರೆ ನನಗೆ ಕೆಲಸಕ್ಕೆ ಬಂದದ್ದು ಐದನೇ ಹಂತ. ಹದಿಹರೆಯದ, ನಾನು ಯಾರು ಅನ್ನುವ ಹಂತ.

ಇದನ್ನು ಆತ ಸುಮ್ನೆ ಹೇಳಿದ್ದಲ್ಲ. 1902ರಲ್ಲಿ ಹುಟ್ಟಿದ ಆತನಿಗೆ ಹೆತ್ತ ತಂದೆ ಯಾರೆಂದು ಕೊನೆಗೂ ತಿಳಿಯಲಿಲ್ಲ. ಬೆಳೆದದ್ದು ಯಹೂದಿ ಮಲತಂದೆಯ ಮನೆಯಲ್ಲಿ. ಎತ್ತರದ ಆಳು, ಹೊಂಬಣ್ಣದ ಕೂದಲು. ಶಾಲೆಯಲ್ಲಿ ಯಹೂದಿ ಅಂತ ಆಡಿಕೊಂಡರು, ಯಹೂದಿಗಳ ಮಂದಿರದಲ್ಲಿ ಇವನು ನಮ್ಮವನಲ್ಲ ಅಂದರು. ಓದು ಮುಗಿಸಿ ಯೂನಿವರ್ಸಿಟಿಗೆ ಹೋಗಲಿಲ್ಲ. ಚಿತ್ರ ಬರೆಯುತ್ತಾ ಯುರೋಪ್ ಸುತ್ತಿದ. 1927ರಲ್ಲಿ ವಿಯೆನ್ನಾದ ಒಂದು ಪುಟ್ಟ ಶಾಲೆಗೆ ಮೇಷ್ಟ್ರಾಗಿ ಹೋಗಿ, ಅಲ್ಲಿ ಫ್ರಾಯ್ಡ್ ಮಗಳು ಆನಾ ಫ್ರಾಯ್ಡ್ ಹತ್ತಿರ ಕಲಿತ. ಎರಿಕ್ಸನ್ ಅನ್ನುವ ಹೆಸರನ್ನು 1939ರಲ್ಲಿ ಅಮೆರಿಕದ ಪೌರನಾದಾಗ ತಾನೇ ಇಟ್ಟುಕೊಂಡ. ತನ್ನ ಹೆಸರನ್ನು ತಾನೇ ಮಾಡಿಕೊಂಡವನು ಗುರುತಿನ ಬಗ್ಗೆ ಬರೆಯದೆ ಇನ್ನೇನು ಬರೆದಾನು, ಅಲ್ವಾ?

ಆ ಅಲೆದಾಟದ ವರ್ಷಗಳಂಥದ್ದಕ್ಕೇ ಆತ ಮೊರಟೋರಿಯಂ ಅಂದ. ಕೊರೊನಾ ಕಾಲದಲ್ಲಿ ಸಾಲದ ಕಂತಿಗೆ ಬ್ಯಾಂಕಿನವರು ಬಿಡುವು ಕೊಟ್ಟರಲ್ಲ, ಅಂಥದ್ದೇ. ದೊಡ್ಡವರ ಜವಾಬ್ದಾರಿ ಹೊರುವುದಕ್ಕೆ ಮೊದಲು ಇದೂ ಅದೂ ಮಾಡಿ ನೋಡಲಿ ಅಂತ ಸಮಾಜ ಹುಡುಗರಿಗೆ ಬಿಟ್ಟುಕೊಡುವ ಕಾಲ. ಎರಿಕ್ಸನ್ ಬರೆದದ್ದನ್ನು ಓದಿದರೆ ಎಲ್ಲರಿಗೂ ಇದು ಒಂದಲ್ಲ ಒಂದು ರೀತಿ ಸಿಕ್ಕೇ ಸಿಗುತ್ತದೆ ಅನ್ನಿಸುತ್ತದೆ. ನನ್ನ ತಕರಾರು ಇರುವುದು ಇಲ್ಲೇ.

ಸಕಲೇಶಪುರದ ಕಡೆ ಒಂದು ತೋಟದ ಮನೆ. ಮಗ ಇಂಜಿನಿಯರಿಂಗ್ ಮಾಡಿ, ಬೆಂಗಳೂರಲ್ಲಿ ಕೆಲಸಕ್ಕೆ ಸೇರಿ, ಬಿಟ್ಟು, ಮತ್ತೊಂದು ಸೇರಿ, ಮೂವತ್ತರ ಹೊತ್ತಿಗೆ ಊರಿಗೆ ಬಂದು ಹೋಂಸ್ಟೇ ಶುರು ಮಾಡಿದ. ಲೋಕ ನೋಡಿ ಬಂದ ಅಂತ ಊರವರಿಗೆ ಹೆಮ್ಮೆ. ಅವನ ತಂಗಿ ನನ್ನ ಹಾಸ್ಟೆಲ್‌ನಲ್ಲಿದ್ದಳು. ಅವಳಿಗೂ ಬಿಡುವು ಸಿಕ್ಕಿತ್ತು. ಕೊನೇ ಸೆಮಿಸ್ಟರಿನ ಕೊನೇ ಪೇಪರಿನವರೆಗೆ. ಡಿಗ್ರಿ ಮುಗಿಯೋವರೆಗೆ ಮದುವೆ ಮಾತು ಎತ್ತಬೇಡಿ ಅಂತ ಅಪ್ಪನ ಹತ್ತಿರ ಒಪ್ಪಂದ ಮಾಡಿಕೊಂಡೇ ಬರುತ್ತಾರೆ ನಮ್ಮ ಹುಡುಗಿಯರು. ಬಡ್ಡಿ ಆಮೇಲೆ ಬರುತ್ತದೆ. ಇಷ್ಟು ಓದಿಸಿದೀವಿ, ಇನ್ನು ನಾವು ತೋರಿಸಿದ ಹುಡುಗನ್ನ ಒಪ್ಕೋ ಅಂತ.

ಹಾಗಂತ ಆ ಮೂರು ವರ್ಷ ವ್ಯರ್ಥ ಅಲ್ಲ. ಅವಸರದ ಹುಡುಕಾಟ ಅಷ್ಟೇ. ಒಂದೇ ವರ್ಷದಲ್ಲಿ ಒಬ್ಬಳು ಪೊಲೀಸ್ ಆಗಬೇಕು ಅಂತ ಬೆಳಗ್ಗೆ ಓಡೋಕೆ ಹೋಗುತ್ತಾಳೆ, ಬ್ಯೂಟಿ ಪಾರ್ಲರ್ ಕೋರ್ಸ್ ವಿಚಾರಿಸುತ್ತಾಳೆ, ಕೆಎಎಸ್ ಪುಸ್ತಕ ತರಿಸುತ್ತಾಳೆ. ಸುತ್ತಲಿನವರು ಚಂಚಲೆ ಅಂತಾರೆ. 1966ರಲ್ಲಿ ಜೇಮ್ಸ್ ಮಾರ್ಷಿಯ ಅನ್ನುವವನು ಎರಿಕ್ಸನ್ ವಿಚಾರವನ್ನು ಮುಂದುವರಿಸಿ ಯುವಕರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ. ಅದರಲ್ಲಿ ಇವಳು ಇನ್ನೂ ಹುಡುಕುತ್ತಿರುವ ಬಗೆ, ಅಂದರೆ ಸರಿಯಾಗೇ ಇದ್ದಾಳೆ. ಯಾವ ಹುಡುಕಾಟವೂ ಇಲ್ಲದೆ, ಮನೆಯವರು ಹೇಳಿದ್ದನ್ನೇ ಮೊದಲ ದಿನದಿಂದ ತನ್ನದು ಅಂದುಕೊಂಡವರದು ಇನ್ನೊಂದು ಬಗೆ. ಹಾಸ್ಟೆಲ್‌ನಲ್ಲಿ ಇವರಿಂದ ಒಂದು ತೊಂದರೆಯೂ ಇಲ್ಲ. ವಾರ್ಡನ್‌ಗಳಿಗೆ ಅಚ್ಚುಮೆಚ್ಚು. ನಾನೂ ಈಗೀಗ ಇವರನ್ನೇ ಕರೆದು ಜಾಸ್ತಿ ಮಾತಾಡಿಸುತ್ತೇನೆ.

ಹೆಣ್ಣಿನ ವಿಷಯಕ್ಕೆ ಬಂದರೆ ಎರಿಕ್ಸನ್ ಕೂಡ ಎಡವಿದ. ಅವಳ ಗುರುತಿನ ಒಂದು ಪಾಲು ಅವಳು ಆರಿಸಿಕೊಳ್ಳುವ ಗಂಡಿನ ಸುತ್ತ ಇರುತ್ತದೆ ಅನ್ನುವ ಧಾಟಿಯಲ್ಲಿ ಬರೆದ. 1982ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞೆ ಕ್ಯಾರಲ್ ಗಿಲಿಗನ್ ಇದನ್ನು ಹಿಡಿದು ಕೇಳಿದಳು. ಹೆಂಗಸರಲ್ಲಿ ಗುರುತು, ನಂಟು ಎರಡೂ ಒಟ್ಟೊಟ್ಟಿಗೆ ಬೆಳೆಯುತ್ತವೆ ಅಂತ ಗೊತ್ತಿದ್ದೂ, ಕೋಷ್ಟಕದಲ್ಲಿ ಮೊದಲು ಗುರುತು, ಆಮೇಲೆ ನಂಟು ಅನ್ನುವ ಗಂಡಿನ ಕ್ರಮವನ್ನೇ ಯಾಕೆ ಉಳಿಸಿಕೊಂಡಿರಿ ಅನ್ನುವುದು ಆಕೆಯ ಆಕ್ಷೇಪ. ನಮ್ಮಲ್ಲಿ ಆ ಒಟ್ಟೊಟ್ಟಿಗೆ ಅನ್ನುವುದಕ್ಕೆ ದಿನಾಂಕ ಇಡುವವರು ಮನೆಯವರು.

ಅದು ಗೊತ್ತಾಗುವುದು ಹಾಸನಾಂಬೆ ಬಾಗಿಲು ತೆಗೆದಾಗ. ವರ್ಷಕ್ಕೊಮ್ಮೆ, ದೀಪಾವಳಿ ಆಸುಪಾಸಲ್ಲಿ. ದರ್ಶನಕ್ಕೆ ಬಂದ ಅಪ್ಪ ಅಮ್ಮ ಹಾಗೇ ಹಾಸ್ಟೆಲ್‌ಗೂ ಬರುತ್ತಾರೆ. ಜೊತೆಗೆ ದೂರದ ನೆಂಟರು ಅಂತ ಯಾರೋ ಇಬ್ಬರು ಹೆಂಗಸರು. ಪ್ರಸಾದ ಕೊಡ್ತಾ ಕೊಡ್ತಾ ಹುಡುಗಿಯನ್ನು ಮೇಲಿಂದ ಕೆಳಗೆ ನೋಡುವ ನೆಂಟರು. ಕಳೆದ ಸಲ ಅರಸೀಕೆರೆ ಕಡೆಯ ಒಬ್ಬ ತಂದೆಯನ್ನು ಆಫೀಸ್ ರೂಮಿಗೆ ಕರೆದು ಕಾಫಿ ಕೊಟ್ಟೆ. ಮಗಳಿಗೆ ಇಲ್ಲೇ ಹಾಸನದ ಪಿ.ಜಿ. ಕ್ಯಾಂಪಸ್ ಹೇಮಗಂಗೋತ್ರಿಯಲ್ಲಿ ಎಂ.ಎ. ಮಾಡುವ ಆಸೆ ಇತ್ತು. ಅವರು ಒಳ್ಳೆಯ ಮನುಷ್ಯರೇ.

"ಓದಿಸೋಕೆ ನಂದೇನೂ ಅಡ್ಡಿ ಇಲ್ಲ ಮೇಡಂ. ಜಾಸ್ತಿ ಓದಿದ್ರೆ ಅದಕ್ಕೆ ತಕ್ಕ ಹುಡುಗ ಸಿಗಬೇಕಲ್ಲ?"

"ನಿಮ್ಮ ಮಗನಿಗೆ ಹುಡುಗಿ ನೋಡುವಾಗ ಹಿಂಗೇ ಯೋಚನೆ ಮಾಡಿದ್ರಾ ಅಣ್ಣ?"

ಸ್ವಲ್ಪ ಹೊತ್ತು ಲೋಟ ತಿರುಗಿಸುತ್ತಾ ಕೂತರು. ಕೊಬ್ಬರಿ ರೇಟಿನ ಬಗ್ಗೆ ಮಾತಾಡಿದರು. ಆಮೇಲೆ, ಎಂ.ಎ.ಗೆ ಹಾಸ್ಟೆಲ್ ಸಿಗೋದಾದ್ರೆ ಎರಡು ವರ್ಷ ನೋಡೋಣ, ಅದಕ್ಕಿಂತ ಒಂದು ದಿನ ಜಾಸ್ತಿ ಇಲ್ಲ ಅಂದರು. ನಾನು ಅಲ್ಲೇ ಹುಡುಗಿಯನ್ನು ಕರೆಸಿ, ಅವರ ಎದುರಿಗೇ ಅರ್ಜಿ ತುಂಬುವ ದಿನಾಂಕ ಬರೆದುಕೊಳ್ಳೋಕೆ ಹೇಳಿದೆ.