ಷರಾ ಕಲಮಿನಲ್ಲಿ ಒಂದು ಸಾಲು

ಡಿಸೆಂಬರ್ ಬಂತೆಂದರೆ ನಮ್ಮಲ್ಲಿ ರಜೆ ಅರ್ಜಿ ಬರೆಯುವ ಧೈರ್ಯ ಯಾರಿಗೂ ಇರುವುದಿಲ್ಲ. ಬೆಳಗಾವಿ ಅಧಿವೇಶನ. ಹಾವೇರಿ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ಅಂಗನವಾಡಿಗಳ ಲೆಕ್ಕಪತ್ರ ನೋಡುವ ಪ್ರಥಮ ದರ್ಜೆ ಸಹಾಯಕಿ ನಾನು.

ಆ ದಿನ ಮಧ್ಯಾಹ್ನ ಮೂರಕ್ಕೆ ವಾಟ್ಸಾಪಿನಲ್ಲಿ ಎಲ್‌ಎಕ್ಯೂ, ಅಂದರೆ ಶಾಸಕರು ವಿಧಾನಸಭೆಯಲ್ಲಿ ಕೇಳುವ ಪ್ರಶ್ನೆ, ಬಂತು. ಸಚಿವರು ಸದನದಲ್ಲಿ ಬಾಯಿಮಾತಲ್ಲೇ ಉತ್ತರಿಸಬೇಕಾದ ಚುಕ್ಕೆ ಗುರುತಿನ ಪ್ರಶ್ನೆ: ಸ್ವಂತ ಕಟ್ಟಡವಿಲ್ಲದ ಅಂಗನವಾಡಿಗಳೆಷ್ಟು? ಸಂಜೆ ಐದರೊಳಗೆ ಉತ್ತರ ಬೇಕು. ಶಾಸಕರು ಪ್ರಶ್ನೆಯ ಸೂಚನೆ ಕೊಟ್ಟದ್ದು ಎಷ್ಟೋ ದಿನಗಳ ಹಿಂದೆ. ವಿಧಾನಸಭೆ ಸಚಿವಾಲಯ, ಇಲಾಖೆ, ನಿರ್ದೇಶನಾಲಯ, ಜಿಲ್ಲಾ ಕಚೇರಿ ಎಂದು ಇಳಿಯುತ್ತ ಬರುವಷ್ಟರಲ್ಲಿ ದಿನಗಳೆಲ್ಲ ಕರಗಿ ನಮಗೆ ಉಳಿದದ್ದು ಎರಡು ಗಂಟೆ. ಕಟ್ಟಡಕ್ಕೆ ಹೋಗಿ ನೋಡಬೇಕಾದವರು ನಾವೇ, ಸಮಯ ಇಲ್ಲದವರೂ ನಾವೇ. ಇದು ನನಗೆ ಪ್ರತಿ ಅಧಿವೇಶನದಲ್ಲೂ ನೋಯುವ ಸಂಗತಿ.

ಹಿಂದಿನ ಉತ್ತರದ ಪ್ರತಿ ಕಡತದಲ್ಲಿತ್ತು. ತಾರೀಖು ತಿದ್ದಿ ಕಳಿಸಿದ್ದರೆ ಹತ್ತು ನಿಮಿಷದ ಕೆಲಸ. ಆದರೂ ಮೇಲ್ವಿಚಾರಕಿಯರ ಜತೆ ಕೂತು ಒಬ್ಬೊಬ್ಬ ಕಾರ್ಯಕರ್ತೆಗೂ ಫೋನ್ ಹಚ್ಚಿದೆವು. ನಾಲ್ಕೂ ಮುಕ್ಕಾಲಿಗೆ ಒಬ್ಬರು ಸಿಕ್ಕರು.

"ಕಟ್ಟಡ ಐತ್ರೀ ಮೇಡಂ. ಆದ್ರ ಮಳಿಗಾಲದಾಗ ಸ್ಲ್ಯಾಬಿನ ಗಾರಿ ಉದುರಾಕತ್ತಿತ್ರಿ. ಹುಡುಗ್ರ ತಲಿ ಮ್ಯಾಲೆ ಬಿದ್ರ ಏನ್ ಮಾಡೂದ್ರಿ? ಗುಡಿ ಪೌಳಿಯಾಗ ಕುಂದ್ರಸೇನ್ರಿ."

ನಮೂನೆಯಲ್ಲಿದ್ದ ಕಲಮುಗಳು ಸ್ವಂತ, ಬಾಡಿಗೆ, ಶಾಲೆ, ಸಮುದಾಯ ಭವನ, ಇತರೆ. ದಾಖಲೆ ಪ್ರಕಾರ ಆ ಕೇಂದ್ರ ಸ್ವಂತದ್ದು. ಮಕ್ಕಳು ಮಾತ್ರ ಅಲ್ಲಿಲ್ಲ. "ಹೋದ ಅಧಿವೇಶನದ ಉತ್ತರಕ್ಕ ತಾಳೆ ಆಗಬೇಕಲ್ಲ," ಅಂದರು ಮೇಲಿನವರು. ಅವರ ಅಂಜಿಕೆಯೂ ಸುಳ್ಳಲ್ಲ. ಸದನಕ್ಕೆ ತಪ್ಪು ಮಾಹಿತಿ ಹೋದರೆ ಹಕ್ಕುಚ್ಯುತಿಯ, ಅಂದರೆ ಸದನದ ಹಕ್ಕಿಗೆ ಧಕ್ಕೆ ತಂದರೆಂಬ ಮಾತು ಬರುತ್ತದೆ. ಹಳೆಯ ಅಂಕಿಯೇ ಈಗ ತಪ್ಪು ಮಾಹಿತಿ ಅಂದೆ. ಕಡೆಗೆ ಆ ಕೇಂದ್ರವನ್ನು 'ಇತರೆ'ಗೆ ಹಾಕಿ, ಷರಾ ಕಲಮಿನಲ್ಲಿ, ಅಂದರೆ ಟಿಪ್ಪಣಿಯ ಜಾಗದಲ್ಲಿ, ಬರೆದೆವು: ಕಟ್ಟಡ ಶಿಥಿಲ, ಮಕ್ಕಳು ದೇವಸ್ಥಾನದಲ್ಲಿ. ಕಳಿಸಿದಾಗ ಆರೂವರೆ. ಅಷ್ಟರಲ್ಲಿ ಜಿಲ್ಲೆಯಿಂದ ಏಳು ಸಲ ಫೋನ್ ಬಂದಿತ್ತು.

ನಮ್ಮ ಪ್ರಶ್ನೆಯ ದಿನ ಮೊಬೈಲಿನಲ್ಲಿ ಕಲಾಪ ಹಚ್ಚಿ ಕೂತಿದ್ದೆ. ಸರದಿ ಬರುವ ಮೊದಲೇ ಪ್ರಶ್ನೋತ್ತರ ಅವಧಿ ಮುಗಿಯಿತು. ಉಳಿದವುಗಳ ಜತೆ ನಮ್ಮ ಉತ್ತರವೂ ಲಿಖಿತವಾಗಿ ಸದನಕ್ಕೆ ಸೇರಿತು. ಆಮೇಲೆ ಅದರ ಪ್ರತಿ ನೋಡಿದೆ. ಷರಾ ಉಳಿದಿರಲಿಲ್ಲ. 'ಇತರೆ' ಕಲಮಿನಲ್ಲಿ ಮಾತ್ರ ಹಿಂದಿನದಕ್ಕಿಂತ ಒಂದು ಹೆಚ್ಚಿತ್ತು.

ಸಂವಿಧಾನದ 174ನೇ ವಿಧಿಯಂತೆ ಒಂದು ಅಧಿವೇಶನದ ಕೊನೆಯ ದಿನಕ್ಕೂ ಮುಂದಿನದರ ಮೊದಲ ದಿನಕ್ಕೂ 6 ತಿಂಗಳ ಅಂತರ ಬೀಳುವಂತಿಲ್ಲ. ಮುಂದಿನ ಅಧಿವೇಶನಕ್ಕೆ ಕಾಯಲು ನಮಗೆ ಅಷ್ಟು ದಿನವೂ ಇರಲಿಲ್ಲ. ದುರಸ್ತಿಗೆ ಈ ವರ್ಷದ ದುಡ್ಡು ಬೇಕೆಂದರೆ ಮಾರ್ಚ್ 31ರೊಳಗೆ ಎಲ್ಲ ಆಗಬೇಕು. ಕಾರ್ಯಕರ್ತೆಗೆ ಸ್ಲ್ಯಾಬಿನ ಫೋಟೊ ಕೇಳಿದೆ. ನಾಲ್ಕು ಕಳಿಸಿದರು. ಒಂದರಲ್ಲಿ ಕಬ್ಬಿಣದ ಸರಳು ಹೊರಗೆ ಕಾಣುತ್ತಿತ್ತು. ಅದನ್ನೇ ಮೇಲೆ ಇಟ್ಟು, ಅಂದಾಜು ಪಟ್ಟಿ ಕೋರಿದ ಪತ್ರವನ್ನು ಅಂದೇ ಸಹಿಗೆ ಕಳಿಸಿದೆ.