ಬನವಾಸಿಯ ರಾಣಿಯ ತವರು

17 ಡಿಸೆಂಬರ್ 2023, ಭಾನುವಾರ
ನಾಗಾರ್ಜುನಸಾಗರ

ಬೆಳಿಗ್ಗೆ ಅಮ್ಮನೊಂದಿಗೆ ವಿಜಯಪುರಿ ಸೌತ್‌ನಲ್ಲಿ ಲಾಂಚ್ ಹತ್ತಿದೆ. ಕೃಷ್ಣೆ ಇಲ್ಲಿ ನದಿಯಂತೆ ಕಾಣುವುದೇ ಇಲ್ಲ, ಕಣ್ಣು ಹಾಯುವಷ್ಟು ದೂರ ಬರೀ ನೀರು. ಹೆಚ್ಚುಕಡಿಮೆ ಒಂದು ಗಂಟೆ ಸಾಗಿದ ಮೇಲೆ ನಾಗಾರ್ಜುನಕೊಂಡ ಎದುರಾಯಿತು. ಇದು ಹುಟ್ಟಾ ದ್ವೀಪವಲ್ಲ, ಬೆಟ್ಟ. ಅಣೆಕಟ್ಟೆಯ ನೀರು ಸುತ್ತಲೂ ಏರಿ ನೆತ್ತಿಯನ್ನಷ್ಟೇ ಬಿಟ್ಟಿದೆ.

ಕ್ರಿ.ಶ. 3ನೇ ಶತಮಾನದಲ್ಲಿ ಆಂಧ್ರವನ್ನಾಳಿದ ಇಕ್ಷ್ವಾಕು ರಾಜರ ರಾಜಧಾನಿ ವಿಜಯಪುರಿ ಇದ್ದದ್ದು ಕೆಳಗಿನ ಕಣಿವೆಯಲ್ಲಿ. ಮುಳುಗುವ ಮುನ್ನ, 1954ರಿಂದ 1960ರವರೆಗೆ, ಅದನ್ನು ಅಗೆದು ನೋಡಿದರು. ಒಂಬತ್ತು ಕಟ್ಟಡಗಳನ್ನು ಮೇಲಕ್ಕೆ ತಂದು ಮರಳಿ ಕಟ್ಟಿದರು. ಸ್ತೂಪದ ತಳಪಾಯ ಗಾಡಿಯ ಚಕ್ರದಂತೆ: ನಡುವೆ ಗುಂಬ, ಸುತ್ತ ಇಟ್ಟಿಗೆಯ ಅರೆಕಾಲುಗಳು. ಆ ಇಟ್ಟಿಗೆಯ ಮೇಲೆ ಅಂಗೈ ಇಟ್ಟೆ. ಬಿಸಿಲಿಗೆ ಬೆಚ್ಚಗಿತ್ತು.

ನಾನು ಬಂದದ್ದು ಒಂದು ಹೆಸರಿಗಾಗಿ: ಕೊಡಬಲಿಸಿರಿ. ಇಕ್ಷ್ವಾಕು ದೊರೆ ವೀರಪುರುಷದತ್ತನ ಮಗಳು, ಅವನ ನಂತರದ ದೊರೆ ಎಹುವುಲ ಚಾಂತಮೂಲನ ಸಹೋದರಿ, 'ವನವಾಸ'ದ ಮಹಾರಾಜನ ರಾಣಿ. ಎಂದರೆ ನಮ್ಮ ಬನವಾಸಿಗೆ ಬಂದ ಸೊಸೆ! ಮಯೂರಶರ್ಮನಿಗಿಂತಲೂ ಹಿಂದಿನ ಮಾತು. ಬೌದ್ಧರ ಮಹೀಶಾಸಕ ಪಂಥದ ಆಚಾರ್ಯರಿಗಾಗಿ ಆಕೆ ತವರಿನಲ್ಲಿ ಒಂದು ವಿಹಾರ ಕಟ್ಟಿಸಿದಳೆಂದು ಇಲ್ಲಿಯ ಪ್ರಾಕೃತ ಶಾಸನ ಹೇಳುತ್ತದೆ. ಶಿರಸಿಯಲ್ಲಿ ಬೆಳೆದ ನನಗೆ ಇದನ್ನು ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ. ಹೇಳಬೇಕಿತ್ತು.

ಮ್ಯೂಸಿಯಂನಲ್ಲಿ ಆ ಕಾಲದ ಬ್ರಾಹ್ಮಿ ಅಕ್ಷರಗಳ ಮುಂದೆ ಬಹಳ ಹೊತ್ತು ನಿಂತೆ. ಹಸಿರು ಛಾಯೆಯ ಸುಣ್ಣಕಲ್ಲು. ಅಕ್ಷರಗಳ ಕಾಲು ಉದ್ದಕ್ಕೆ ಇಳಿದು ತುದಿಯಲ್ಲಿ ಬಳ್ಳಿಯ ಕುಡಿಯಂತೆ ಬಾಗಿದೆ. ಕೆತ್ತಿದವನಿಗೆ ಅವಸರವೇ ಇರಲಿಲ್ಲ. ನಮಗಿತ್ತು, ಲಾಂಚ್ ಕಾಯುವುದಿಲ್ಲ.

ಹಿಂದಿರುಗುವಾಗ ಲಾಂಚಿನ ಹಿರಿಯ ಕೆಲಸಗಾರರೊಬ್ಬರು ನೀರಿನತ್ತ ಕೈ ತೋರಿಸಿ, ತಮ್ಮ ಅಜ್ಜನ ಊರೂ ಇದರಡಿಯಲ್ಲೇ ಇದೆ ಎಂದರು. ಮತ್ತೇನೂ ಹೇಳಲಿಲ್ಲ.

ಅಮ್ಮ ಅಷ್ಟು ಹೊತ್ತಿನಿಂದ ಸುಮ್ಮನಿದ್ದವಳು ಕೇಳಿದಳು: "ಬನವಾಸಿಯಿಂದ ಇಲ್ಲಿಗೆ ಎತ್ತಿನ ಗಾಡಿಯಲ್ಲಿ ಎಷ್ಟು ದಿನವಾಗುತ್ತಿತ್ತೋ? ಮದುವೆಯಾಗಿ ಹೋದ ಮೇಲೆ ಆ ಹುಡುಗಿ ಒಮ್ಮೆಯಾದರೂ ತವರಿಗೆ ಬಂದಿದ್ದಳೇ?"

ಶಾಸನದಲ್ಲಿ ಅದಿಲ್ಲ ಅಮ್ಮ, ಎಂದೆ. ಅವಳು ಮತ್ತೆ ಬೆಟ್ಟದ ಕಡೆ ತಿರುಗಿ ಕುಳಿತಳು.