ಥೋಲ್: ಸ್ಕಾಟ್ಸ್ ನುಡಿಯಲ್ಲಿ ತಾಳುವುದರ ಚರಿತ್ರೆ

ಇಂಗ್ಲಿಷಿನ ಹತ್ತಿರದ ಬಂಧುವಾದ, ಸ್ಕಾಟ್ಲೆಂಡಿನ ಸ್ಕಾಟ್ಸ್ ನುಡಿಯಲ್ಲಿ ‘ಥೋಲ್’ ಎಂಬ ಹಳೆಯ ಕ್ರಿಯಾಪದವೊಂದಿದೆ. ನೋವು, ಚಳಿ, ಅವಮಾನ, ಶಿಕ್ಷೆ ಮುಂತಾದವನ್ನು ಸಹಿಸುವುದು ಅದರ ಮೊದಲ ಅರ್ಥ. ಕುಸಿಯದೆ ಕೊನೆಯವರೆಗೆ ನಿಲ್ಲುವುದು ಅದರೊಳಗೇ ಬೆರೆತಿರುವ ಇನ್ನೊಂದು ಅರ್ಥ. ನಮ್ಮ ‘ತಾಳು’ ಹೆಚ್ಚುಕಡಿಮೆ ಇದೇ ಕೆಲಸವನ್ನು ಮಾಡುತ್ತದೆ: ದುಃಖವನ್ನು ತಾಳಿಕೊಳ್ಳುತ್ತೇವೆ, ಕೆರೆಯ ಏರಿ ನೆರೆಗೆ ತಾಳಿತು ಎನ್ನುತ್ತೇವೆ. ಸಹಿಸಿದವನೇ ಗೆಲ್ಲುತ್ತಾನೆ ಎಂಬರ್ಥದ ಹಳೆಯ ಸ್ಕಾಟಿಷ್ ಗಾದೆಯನ್ನು ಓದಿದಾಗ ಕನ್ನಡಿಗರಿಗೆ ‘ತಾಳಿದವನು ಬಾಳಿಯಾನು’ ನೆನಪಾಗದೆ ಇರದು. ಆದರೆ ಥೋಲ್‌ನ ಚರಿತ್ರೆಯನ್ನು ಹಿಂಬಾಲಿಸುತ್ತ ಹೋದಂತೆ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಬೇರೆಯೇ ಆಗಿತ್ತು. ಈ ಪದದ ಬಳಕೆಯಲ್ಲಿ ಸಹನೆಗೆ ಒಂದು ಲೆಕ್ಕವಿದೆ. ಸಹಿಸಿದ್ದು ಜಮೆಯಾಗುತ್ತದೆ, ಒಮ್ಮೆ ಪೂರ್ತಿ ಸಹಿಸಿದವನನ್ನು ಮತ್ತೆ ಅದೇ ಕಷ್ಟಕ್ಕೆ ದೂಡಬಾರದು ಎಂಬ ಭಾವನೆಯಿದೆ.

ಈ ಭಾವನೆ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ನ್ಯಾಯಾಲಯದಲ್ಲಿ. ಹಳೆಯ ಸ್ಕಾಟಿಷ್ ನ್ಯಾಯಪದ್ಧತಿಯಲ್ಲಿ ‘ಅಸೈಜ್’ ಎಂದರೆ ತೀರ್ಪುಗಾರರ ಮಂಡಳಿ, ಅದರ ಮುಂದೆ ನಡೆಯುವ ವಿಚಾರಣೆಯೂ ಹೌದು. ಆ ವಿಚಾರಣೆಗೆ ಒಳಗಾದ ಆರೋಪಿಯನ್ನು ‘ಅಸೈಜನ್ನು ಥೋಲ್ ಮಾಡಿದವನು’, ಅಂದರೆ ವಿಚಾರಣೆಯನ್ನು ತಾಳಿದವನು ಎಂದು ಕರೆಯುತ್ತಿದ್ದರು. ತೀರ್ಪು ಯಾವುದೇ ಇರಲಿ, ಒಮ್ಮೆ ಹಾಗೆ ತಾಳಿದ ಮೇಲೆ ಅದೇ ಆರೋಪದ ಮೇಲೆ ಆತನನ್ನು ಎರಡನೆಯ ಬಾರಿ ಕಟಕಟೆಯಲ್ಲಿ ನಿಲ್ಲಿಸುವಂತಿರಲಿಲ್ಲ. ನಮ್ಮ ಸಂವಿಧಾನದ 20ನೆಯ ವಿಧಿಯ ಎರಡನೆಯ ಖಂಡವೂ ಒಂದೇ ಅಪರಾಧಕ್ಕೆ ಒಬ್ಬನನ್ನು ಎರಡು ಬಾರಿ ವಿಚಾರಿಸಿ ದಂಡಿಸಬಾರದೆಂದು ಹೇಳುತ್ತದೆ. ಆದರೆ ಅದರ ಭಾಷೆ ನಿಷೇಧದ ಭಾಷೆ. ಸ್ಕಾಟಿಷ್ ವಕೀಲರ ಮಾತಿನಲ್ಲಿ ಗಮನವಿರುವುದು ಆರೋಪಿ ಅನುಭವಿಸಿದ್ದರ ಮೇಲೆ. ವಿಚಾರಣೆಯೇ ಒಂದು ಯಾತನೆ, ನಿರಪರಾಧಿಗೂ ಅದು ಯಾತನೆಯೇ ಎಂಬುದನ್ನು ಕಾನೂನಿನ ಪರಿಭಾಷೆ ಇಷ್ಟು ನೇರವಾಗಿ ಒಪ್ಪಿಕೊಂಡದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈ ರಕ್ಷಣೆಗೂ ಕಷ್ಟದ ದಿನ ಬಂತು. 1977ರ ಅಕ್ಟೋಬರಿನಲ್ಲಿ ಎಡಿನ್‌ಬರೋದ ‘ವರ್ಲ್ಡ್ಸ್ ಎಂಡ್’ ಎಂಬ ಪಬ್ಬಿನಿಂದ ಹೊರಟ ಹದಿನೇಳರ ಹರೆಯದ ಇಬ್ಬರು ಹುಡುಗಿಯರ ಕೊಲೆಯಾಯಿತು. ಮೂರು ದಶಕಗಳ ನಂತರ, 2007ರಲ್ಲಿ, ಆಂಗಸ್ ಸಿಂಕ್ಲೇರ್ ಎಂಬಾತನ ವಿಚಾರಣೆ ನಡೆದಾಗ ಸಾಕ್ಷ್ಯ ಸಾಲದೆಂದು ನ್ಯಾಯಾಧೀಶರು ಪ್ರಕರಣವನ್ನು ಅಲ್ಲಿಗೇ ಮುಗಿಸಿದರು. ಆತ ಅಸೈಜನ್ನು ತಾಳಿದವನಾದ. ಹಳೆಯ ನಿಯಮದ ಪ್ರಕಾರ ಅವನನ್ನು ಮತ್ತೆ ಮುಟ್ಟುವಂತಿರಲಿಲ್ಲ. ಆ ಮೇಲೆ ಎದ್ದ ಸಾರ್ವಜನಿಕ ಆಕ್ರೋಶದ ಬೆನ್ನಲ್ಲೇ ಸ್ಕಾಟಿಷ್ ಸಂಸತ್ತು 2011ರಲ್ಲಿ ಕಾಯ್ದೆಯೊಂದನ್ನು ತಂದು, ಮೂಲ ನಿಯಮವನ್ನು ಉಳಿಸಿಕೊಂಡೇ ಕೆಲವು ಅಪವಾದಗಳನ್ನು ಸೇರಿಸಿತು: ಮೊದಲ ವಿಚಾರಣೆ ಕಲುಷಿತವಾಗಿದ್ದರೆ, ಬಿಡುಗಡೆಯಾದವನು ತಾನೇ ತಪ್ಪೊಪ್ಪಿಕೊಂಡರೆ, ಅಥವಾ ಗಂಭೀರ ಪ್ರಕರಣಗಳಲ್ಲಿ ಬಲವಾದ ಹೊಸ ಸಾಕ್ಷ್ಯ ದೊರೆತರೆ ಮರುವಿಚಾರಣೆ ನಡೆಸಬಹುದು. 2014ರ ನವೆಂಬರಿನಲ್ಲಿ ಸಿಂಕ್ಲೇರ್ ಅಪರಾಧಿಯೆಂದು ಸಾಬೀತಾಗಿ, ಕನಿಷ್ಠ 37 ವರ್ಷಗಳ ಸೆರೆವಾಸವನ್ನೊಳಗೊಂಡ ಜೀವಾವಧಿ ಶಿಕ್ಷೆ ಪಡೆದ. ಈ ತಿದ್ದುಪಡಿ ಸರಿಯೆಂದೇ ನನ್ನ ಅಭಿಪ್ರಾಯ, ಏಕೆಂದರೆ ತಾಳಿದ್ದರ ಲೆಕ್ಕ ಹಾಕುವಾಗ ಮಕ್ಕಳನ್ನು ಕಳೆದುಕೊಂಡು ಮೂವತ್ತೇಳು ವರ್ಷ ಕಾದ ಆ ಎರಡು ಮನೆಗಳೂ ಲೆಕ್ಕಕ್ಕೆ ಬರಬೇಕು.

ಪದದ ಬೇರು ಬಹಳ ಆಳದ್ದು. ಹಳೆಯ ಇಂಗ್ಲಿಷಿನಲ್ಲಿ ಇದು ‘ಥೋಲಿಯನ್’ ಆಗಿತ್ತು. ಬೇವುಲ್ಫ್ ಮಹಾಕಾವ್ಯದಲ್ಲಿ, ಗ್ರೆಂಡೆಲ್ ಎಂಬ ರಾಕ್ಷಸನ ಹಾವಳಿಗೆ ಸಿಕ್ಕ ಡೇನರ ಅರಸ ಹ್ರೋತ್‌ಗಾರ್ ಹನ್ನೆರಡು ಚಳಿಗಾಲಗಳ ಕಾಲ ಸಂಕಟಪಟ್ಟನೆಂದು ಹೇಳುವಲ್ಲಿ ಬರುವುದು ಇದೇ ಧಾತು. ಅಲ್ಲಿಯೂ ಸಂಕಟಕ್ಕೆ ವರ್ಷಗಳ ಎಣಿಕೆಯಿದೆ ಎಂಬುದನ್ನು ಗಮನಿಸಬೇಕು. ಇನ್ನೂ ಹಿಂದಕ್ಕೆ ಹೋದರೆ, ಹೊರುವುದು, ಎತ್ತುವುದು ಎಂಬರ್ಥದ ಇಂಡೋ-ಯುರೋಪಿಯನ್ ಮೂಲಧಾತು ಸಿಗುತ್ತದೆ; ಲ್ಯಾಟಿನ್ನಿನ ಮೂಲಕ ಬಂದ ‘ಟಾಲರೇಟ್’, ನಾವು ಸಂಸ್ಕೃತದಿಂದ ಪಡೆದ ‘ತುಲಾ’ ಎರಡೂ ಅದೇ ಬಳಗದವು. ಭಾರ ಹೊರುವುದೂ ತೂಗುವುದೂ ಒಂದೇ ಬೇರಿನಿಂದ ಒಡೆದ ಕವಲುಗಳಾಗಿರುವುದು ನನಗಂತೂ ಬಹಳ ಅರ್ಥಪೂರ್ಣವಾಗಿ ಕಂಡಿತು. (ನಮ್ಮ ‘ತಾಳು’ ದ್ರಾವಿಡ ಪದ, ಉಚ್ಚಾರಣೆಯ ಹೋಲಿಕೆ ಕೇವಲ ಆಕಸ್ಮಿಕ.) ಫ್ರೆಂಚಿನಿಂದ ಬಂದ ‘ಸಫರ್’, ‘ಎಂಡ್ಯೂರ್’ ಎಂಬ ಪದಗಳು ದಕ್ಷಿಣದ ಇಂಗ್ಲಿಷಿನಲ್ಲಿ ಥೋಲ್‌ನ ಜಾಗವನ್ನು ಹಿಡಿದವು, ಉತ್ತರದಲ್ಲಿ, ಸ್ಕಾಟ್ಸ್ ನುಡಿಯಲ್ಲಿ ಅದು ಉಳಿಯಿತು.

ಉಳಿದ ಕಾರಣಕ್ಕೇ ಸ್ಕಾಟಿಷ್ ಕವಿ ರಾಬರ್ಟ್ ಬರ್ನ್ಸ್‌ಗೆ ಅದು ಕೈಗೆಟುಕಿತು. 1785ರಲ್ಲಿ ಆತ ಬರೆದ ಇಲಿಯ ಕವಿತೆ ಪ್ರಸಿದ್ಧವಾದುದು. ಎಲೆ, ಕೂಳೆಗಳನ್ನು ಕಚ್ಚಿ ಕಚ್ಚಿ ತಂದು ಇಲಿ ಕಟ್ಟಿಕೊಂಡ ಗೂಡನ್ನು ನೇಗಿಲಿನ ಕುಳ ಸೀಳಿಹಾಕಿದೆ. ಇನ್ನು ಮನೆಯಿಲ್ಲದ ಆ ಜೀವ ಚಳಿಗಾಲದ ಹಿಮಬೆರೆತ ಜಿನುಗು ಮಳೆಯನ್ನೂ ಮಂಜಿನ ಕೊರೆತವನ್ನೂ ‘ಥೋಲ್’ ಮಾಡಬೇಕು. ಅರಸನ ಹನ್ನೆರಡು ವರ್ಷಗಳ ಸಂಕಟಕ್ಕೆ ಸಂದ ಕ್ರಿಯಾಪದವೇ ಇಲಿಗೂ ಸಂದಿದೆ. ಅದರ ಪಾಡನ್ನು ಕವಿ ಮನುಷ್ಯರ ಪಾಡಿನ ತೂಕದಲ್ಲಿಯೇ ಇಟ್ಟಿದ್ದಾನೆ ಎನ್ನಲು ಈ ಒಂದು ಪದ ಸಾಕು.

ಹದಿನೇಳನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನಿಂದ ಉತ್ತರ ಐರ್ಲೆಂಡಿಗೆ ವಲಸೆ ಹೋದವರು ಈ ಪದವನ್ನೂ ಒಯ್ದರು. ಕ್ರಮೇಣ ಅಲ್ಲಿನ ಐರಿಷ್ ಜನರ ಬಾಯಲ್ಲಿಯೂ ಅದು ನೆಲೆಸಿತು. 1999ರಲ್ಲಿ ಬೇವುಲ್ಫ್‌ನ ಅನುವಾದವನ್ನು ಪ್ರಕಟಿಸಿದ ಐರಿಷ್ ಕವಿ ಷೇಮಸ್ ಹೀನಿ, ಪದಕೋಶದಲ್ಲಿ ಥೋಲಿಯನ್ ಎಂಬುದು ಮೊದಲು ಅಪರಿಚಿತವಾಗಿ ತೋರಿ, ಆಮೇಲೆ ಅದು ತನ್ನ ಬಂಧುವರ್ಗದ ಹಿರಿಯ ಹೆಂಗಸೊಬ್ಬಳು ಆಡುತ್ತಿದ್ದ ಮಾತೇ ಎಂದು ಹೊಳೆದದ್ದನ್ನು ಮುನ್ನುಡಿಯಲ್ಲಿ ದಾಖಲಿಸಿದ್ದಾರೆ. ಸಾವಾದ ಮನೆಯವರ ಬಗ್ಗೆ ಆಕೆ, ಅವರಿನ್ನು ತಾಳುವುದನ್ನು ಕಲಿಯಬೇಕಷ್ಟೆ ಎನ್ನುತ್ತಿದ್ದಳಂತೆ. ಆಳಲು ಬಂದವರ ಜೊತೆ ಬಂದ ಪದ, ಆಳಿಸಿಕೊಂಡವರ ಶೋಕಕ್ಕೆ ಒದಗಿತು.

ಸಹಿಸುವುದು ಎಂಬರ್ಥದ್ದೇ ಆದ, ಇದರ ಜೊತೆಗಾರ ಪದ ‘ಡ್ರೀ’ಯ ಹಣೆಬರಹ ಬೇರೆಯಾಯಿತು. ವಿಧಿ ಬರೆದದ್ದನ್ನು ಅನುಭವಿಸುವುದು ಎಂಬ ನುಡಿಗಟ್ಟಿನಲ್ಲಿ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಅದಕ್ಕೆ ಸಾಹಿತ್ಯದಲ್ಲಿ ಮರುಜೀವ ಕೊಟ್ಟರೂ, ಅದು ಹೆಚ್ಚಾಗಿ ಪುಸ್ತಕಗಳಲ್ಲೇ ಉಳಿಯಿತು. ಥೋಲ್ ದಿನಬಳಕೆಯಲ್ಲಿದೆ. ಕಂಡರಾಗದವನನ್ನು ಸ್ಕಾಟಿಷ್ ಜನ ಇಂದಿಗೂ ‘ಥೋಲ್ ಮಾಡಲಾರೆ’ ಎನ್ನುತ್ತಾರೆ. ಇನ್ನೂ ಸುಧಾರಿಸಬಹುದಾದ ಕೆಲಸವನ್ನು, ತಿದ್ದುವಿಕೆಯನ್ನು ಥೋಲ್ ಮಾಡಬಲ್ಲದ್ದು ಎಂದು ಹೇಳುವ ರೂಢಿಯೂ ಆ ನುಡಿಯಲ್ಲಿ ದಾಖಲಾಗಿದೆ.